ಕೆಮ್ಮುವ ಯೆಜ್ಡಿ

"ಬಣ್ಣ ಹೋದ್ರ ಹೋಗ್ಲಿ ಭಾಯ್, ಆವಾಜ ಮಾತ್ರ ಬದ್ಲಾಗಬಾರ್ದು ನೋಡ್ರಿ."

ಗಂಡ ಅಲ್ತಾಫನ ಹಳೇ ಯೆಜ್ಡಿ ಬೈಕನ್ನು ಟಂಟಂ ಆಟೋದಲ್ಲಿ ಹೇರಿಸಿ, ಹಳೇ ಗಾಡಿಗಳ ರಿಪೇರಿಗೆ ಹೆಸರಾದ ಗಂಗಾವತಿಯ ಗ್ಯಾರೇಜಿಗೆ ತಂದ ಖುರ್ಷಿದಾ ಆಡಿದ ಮೊದಲ ಮಾತು ಅದು. ಅಲ್ತಾಫ ಗಿಣಿಗೇರಾದ ಫ್ಯಾಕ್ಟರಿಗೆ ಅದರ ಮೇಲೇ ಹೋಗಿ ಬರುತ್ತಿದ್ದ. ಅವನು ತೀರಿಕೊಂಡ ಮೇಲೆ ಗಾಡಿ ಕೊಪ್ಪಳದ ಮನೆಯ ಹಿತ್ತಲಲ್ಲಿ ತುಕ್ಕು ಹಿಡಿದಿತ್ತು.

"ಆವಾಜ ಹೆಂಗಿತ್ರಿ?" ಎಂದ ಮೆಕ್ಯಾನಿಕ್ ಮಂಜೂರ.

ಆಕೆ ಅತ್ತಿತ್ತ ನೋಡಿ, ದುಪಟ್ಟಾ ಬಾಯಿಗೆ ಅಡ್ಡ ಹಿಡಿದು, "ಟುಪ್ ಟುಪ್ ಟುಪ್... ಆಮ್ಯಾಲ ಮುದುಕರಂಗ ಒಂದ್ ಕೆಮ್ಮು," ಎಂದು ಕೆಮ್ಮಿ ತೋರಿಸಿದಳು.

ಮಂಜೂರನಿಗೆ ಒಂದೇ ಸಲಕ್ಕೆ ತಿಳಿದಿತ್ತು. ಆದರೂ, "ಇನ್ನೊಮ್ಮೆ ಮಾಡ್ರಿ, ಕೆಮ್ಮು ಸರಿಯಾಗಿ ತಿಳೀಲಿಲ್ಲ," ಎಂದ. ಆಕೆ ನಕ್ಕುಬಿಟ್ಟಳು. ಹುಡುಗ ಅಲ್ಲಿಗೆ ಕೆಟ್ಟ.

ನಡುವೆ ಆಕೆ ಕೆಲಸ ನೋಡಲು ಬಂದಾಗ, ಟ್ಯಾಂಕಿನ ಮೇಲೆ ಅಲ್ತಾಫನ ಮೊಣಕಾಲು ತಿಕ್ಕಿ ಬಣ್ಣ ಸವೆದ ಜಾಗವನ್ನು ಮಂಜೂರ ಹಾಗೇ ಉಳಿಸಿದ್ದು ಕಂಡಳು. "ಛಲೋ ಮಾಡೀರಿ, ಮಂಜೂರ ಅವರ," ಎಂದಳು. ಭಾಯ್ ಎನ್ನಲಿಲ್ಲ. ಅಷ್ಟಕ್ಕೇ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಉಳಿದದ್ದು ಸೈಲೆನ್ಸರ್. ಹೊಸದು ಹಾಕಿದರೆ ಸುಲಭದ ಕೆಲಸ, ಅಲ್ತಾಫನ ಸದ್ದೂ ಅಲ್ಲಿಗೆ ಹೋಗುತ್ತಿತ್ತು. ಆ ಆಸೆ ಅವನಿಗೆ ಬರಲಿಲ್ಲವೆಂದರೆ ಸುಳ್ಳಾದೀತು. ಆದರೆ ಆವಾಜ ಬದಲಾಗದೆಂದು ಆಕೆಗೆ ಮಾತು ಕೊಟ್ಟಿದ್ದ. ತೂತುಬಿದ್ದ ಹಳೆಯದನ್ನೇ ಕೊಯ್ದು, ಮಸಿ ಕೆರೆದು, ವೆಲ್ಡಿಂಗ್ ಮಾಡಿ ಕೂರಿಸಿದ. ಕಿಕ್ ಹೊಡೆದ. ಗಾಡಿ ಕೆಮ್ಮಿತು.

"ನಾಳೆ ಸಂಜೀಕ ನಾನ ಮನಿಗೆ ತರ್ತೀನ್ರಿ. ನಿಮ್ಮ ಕೂಡ ಒಂದ್ ಮಾತ ಆಡೋದೈತಿ," ಎಂದು ಫೋನ್ ಮಾಡಿದ. ಮರುದಿನ ಸಂಜೆಯ ತನಕ ತಡೆಯಲಾಗದೆ ಮಧ್ಯಾಹ್ನವೇ ಹೊರಟ.

ಓಣಿಯ ತಿರುವಿನಲ್ಲಿ ಗಾಡಿ ಕೆಮ್ಮಿದ್ದೇ ತಡ, ಬಾಗಿಲು ತೆರೆಯಿತು. ಖುರ್ಷಿದಾ ಹಿಟ್ಟಿನ ಕೈಯಲ್ಲೇ ಓಡಿಬಂದಳು, ಮುಖದ ತುಂಬ ನಗು. ಅಂಥ ನಗು ಮಂಜೂರ ಕಂಡೇ ಇರಲಿಲ್ಲ. ತನಗೇ ಎಂದುಕೊಂಡು ಅವನೂ ನಕ್ಕ.

ಆಕೆ ಅವನ ಮುಖ ನೋಡಿದಳು. ನಗು ಅಲ್ಲೇ ಆರಿತು.

"ಅವರು ಇವತ್ತ ಫ್ಯಾಕ್ಟರಿಯಿಂದ ಲಗೂ ಬಂದ್ರು ಅನ್ಕೊಂಡೆ..." ಎಂದು ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು.

ಮಂಜೂರ ಎಂಜಿನ್ ಬಂದ್ ಮಾಡಿದ. ತನ್ನ ಕೈಯಾರೆ ಅಲ್ತಾಫನನ್ನು ಮನೆಗೆ ಕರೆತಂದಿದ್ದೇನೆ ಎನಿಸಿತು.

ಆಕೆ ಕಣ್ಣೊರೆಸಿಕೊಂಡು, "ಏನೋ ಮಾತೈತಿ ಅಂದಿದ್ರಿ?" ಎಂದಳು.

"ಪೆಟ್ರೋಲಿನ್ಯಾಗ ಆಯಿಲ್ ಕೂಡ್ಸೋದ ಮರೀಬ್ಯಾಡ್ರಿ. ಅಷ್ಟ."

"ಚಾ ಕುಡದ ಹೋಗ್ರಿ, ಭಾಯ್."

ಮಂಜೂರ ಚಾವಿ ಆಕೆಯ ಕೈಗಿಟ್ಟು, ಚಾ ಕುಡಿದು, ಗಂಗಾವತಿಯ ಬಸ್ ಹಿಡಿದ.