ಮೇಲಿನ ಮಹಡಿಯ ಫ್ರಿಜ್

"ಇದ್ಯಾರ ಬುತ್ತಿ?" ಎನ್ನುತ್ತ ಕಾನ್‌ಸ್ಟೆಬಲ್ ಫ್ರಿಜ್‌ನಿಂದ ಮತ್ತೊಂದು ಡಬ್ಬಿ ತೆಗೆದು ನೆಲದ ಮೇಲಿಟ್ಟ. ಹೆರಿಗೆ ವಾರ್ಡಿನ ನರ್ಸುಗಳು ಗೋಡೆಗೆ ಒರಗಿ ನಿಂತಿದ್ದರು.

"ನಂದು. ಸಾಕ್ಷಿ ಅಂತ ತಿಂದ್ಬಿಟ್ಟೀರ," ಎಂದಳೊಬ್ಬಳು. ಯಾರೂ ನಗಲಿಲ್ಲ.

ಡಬ್ಬಿಗಳ ಹಿಂದೆ ಟವೆಲಿನಲ್ಲಿ ಸುತ್ತಿದ ಗಂಟು. ಇನ್‌ಸ್ಪೆಕ್ಟರ್ ಬಿಚ್ಚಿದರು. ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸುವ ಇಂಜೆಕ್ಷನ್‌ಗಳು. ಪೆಟ್ಟಿಗೆಗಳ ಮೇಲೆ ಆಸ್ಪತ್ರೆಯ ಉಗ್ರಾಣದ ಮೊಹರು.

ಸೋಮವಾರ ಕೆಳಗಿನ ತುರ್ತು ವಿಭಾಗದಲ್ಲಿ ಬಾಣಂತಿಯೊಬ್ಬಳು ಸತ್ತದ್ದು ಇದೇ ಔಷಧಿ ಸಿಗದೆ. ದಾರಿಯಲ್ಲೇ ಹೆತ್ತು ಬಂದವಳು. ಅವಳ ಗಂಡ ಕೂಸನ್ನು ಎತ್ತಿಕೊಂಡೇ ಠಾಣೆಗೆ ಬಂದು ದೂರು ಕೊಟ್ಟಿದ್ದ. ಎಫ್‌ಐಆರ್ ಆದೊಡನೆ ಇನ್‌ಸ್ಪೆಕ್ಟರ್ ಉಗ್ರಾಣದ ಫ್ರಿಜ್ ನೋಡಿದರು. ಬೇಗ ಅವಧಿ ಮುಗಿಯುವ ಔಷಧಿ ಮುಂದೆ, ಹೊಸದು ಹಿಂದೆ. ಅದು ಅಲ್ಲಿನ ಕ್ರಮ. ಮುಂದಿನ ಸಾಲಿನಲ್ಲಿ ಅವಧಿ ಮೀರಿದವಷ್ಟೇ ಉಳಿದಿದ್ದವು. ಹಿಂದಿನ ಸಾಲು ಖಾಲಿ. ಮಾರುವ ಕಳ್ಳನಾಗಿದ್ದರೆ ಕೈಗೆ ಸಿಕ್ಕಿದ್ದನ್ನು ಬಾಚುತ್ತಿದ್ದ. ಇದು ಬಹಳ ದಿನ ಕಾಪಿಡುವವರ ಕೆಲಸ. ಕಾಪಿಡಲು ತಂಪು ಬೇಕು. ಹಾಗಾಗಿ ವಾರ್ಡುಗಳ ಫ್ರಿಜ್‌ಗಳ ಶೋಧ.

"ಸಿಸ್ಟರುಗಳು ಬಂದ್ರೆ ನೀವೇ ತಗೊಳ್ಳಿ ಅಂತಿದ್ದೆ ಸಾರ್," ಎಂದು ಉಗ್ರಾಣದವನು ಆಗಲೇ ಒಪ್ಪಿಕೊಂಡಿದ್ದ. "ಒಬ್ನೇ ಎಷ್ಟೂಂತ ಎದ್ದು ಕೂರ್ಲಿ?"

"ಯಾರಿಟ್ಟಿದ್ದು?" ಇನ್‌ಸ್ಪೆಕ್ಟರ್ ಗಂಟು ತೋರಿಸಿ ನರ್ಸುಗಳನ್ನು ಕೇಳಿದರು.

"ನಾನು," ವಾರ್ಡಿನ ಹಿರಿಯ ಸಿಸ್ಟರ್ ಮುಂದೆ ಬಂದರು.

"ಮಾರೋಕಾ?"

"ಥೂ! ಹೋದ ವರ್ಷ ಇದೇ ವಾರ್ಡಲ್ಲಿ ಒಬ್ಳು ಹೋದ್ಲು. ಉಗ್ರಾಣಕ್ಕೆ ಓಡಿ ಬರಿಗೈಲಿ ಬಂದೆ. ಆಮೇಲೆ ಒಂದೊಂದೇ ತಂದಿಟ್ಕೊಂಡೆ."

"ಸೋಮವಾರ ಕೆಳಗಿಂದ ಫೋನ್ ಬಂತಲ್ಲ?"

"ಬಂತು. ಇದ್ಯಾ ಅಂದ್ರು. ಇಲ್ಲ ಅಂದೆ."

"ಸಾಯ್ತಿದಾಳೆ ಅನ್ಲಿಲ್ವಾ?"

"ಅವ್ರು ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಯಾವ ವಾರ್ಡೂ ಇನ್ನೊಂದಕ್ಕೆ ಇದೆ ಅನ್ನಲ್ಲ ಸಾರ್. ಕೊಟ್ಟಿದ್ದು ವಾಪಸ್ ಬರಲ್ಲ."

ಪಂಚನಾಮೆಗೆ ಸಹಿಗಳಾದವು. ಬಂಧಿಸಲು ಮಹಿಳಾ ಕಾನ್‌ಸ್ಟೆಬಲ್ ಬಂದಳು. ಅವಳ ಬೆನ್ನಿಗೇ ಆಸ್ಪತ್ರೆಯ ಅಧೀಕ್ಷಕರು ಏದುಸಿರು ಬಿಡುತ್ತ ಬಂದು, ಸಿಸ್ಟರ್ ಮುಂದೆ ಬಿಳಿ ಹಾಳೆ ಹಿಡಿದರು.

"ನನ್ನ ಬಾಯ್ಮಾತಿನ ಒಪ್ಪಿಗೆ ತಗೊಂಡೇ ಇಟ್ಟಿದ್ದೆ ಅಂತ ಎರಡು ಸಾಲು ಬರ್ಕೊಡಿ. ಕಳವಿನ ಮಾತೇ ಏಳಲ್ಲ. ನೆಮ್ಮದಿಯಾಗಿ ನಿವೃತ್ತಿ ಆಗ್ತೀರ. ಹೋದ ವರ್ಷದ ಸಾವನ್ನೆಲ್ಲ ಕೋರ್ಟಲ್ಲಿ ಯಾಕೆ ಕೆದಕ್ತೀರ?"

ಇನ್‌ಸ್ಪೆಕ್ಟರ್ ಕಿಟಕಿಯತ್ತ ತಿರುಗಿದರು. ಸಿಸ್ಟರ್ ಸಮವಸ್ತ್ರಕ್ಕೆ ಸಿಕ್ಕಿಸಿದ್ದ ಗಡಿಯಾರ ಬಿಚ್ಚಿ ಪಕ್ಕದಲ್ಲಿದ್ದ ಕಿರಿಯ ನರ್ಸಿನ ಕೈಗಿಟ್ಟರು.

"ಆ ಬಾಣಂತಿ ಗಂಡ ಕೂಸನ್ನ ಎತ್ಕೊಂಡೇ ಠಾಣೆಗೆ ಬಂದಿದ್ನಂತೆ, ಹೌದಾ?"

"ಹೂಂ," ಎಂದರು ಇನ್‌ಸ್ಪೆಕ್ಟರ್.

ಅಧೀಕ್ಷಕರು ಪೆನ್ನಿನ ಕ್ಯಾಪ್ ತೆಗೆದು ಚಾಚಿದರು.

"ಬರ್ಯಲ್ಲ," ಎಂದರು ಸಿಸ್ಟರ್.