ಗಡಿಯ ಈಚೆಗಿನ ಪಂಪು

ಕೆಲಸದವರು ಊಟಕ್ಕೆ ಹೋಗಿದ್ದರಿಂದ ಪೂನಂ ತಾನೇ ಪೈಪು ಹಿಡಿದು ನಿಂತಿದ್ದಳು. ಬಸವಕಲ್ಯಾಣ ದಾಟಿ ಗಡಿಯ ಕಡೆ ಹೋಗುವ ಹೆದ್ದಾರಿಯಲ್ಲಿ ಅವಳಪ್ಪ ಅಮೋಘಸಿದ್ದಪ್ಪನ ಪೆಟ್ರೋಲ್ ಪಂಪಿತ್ತು. ಮಹಾರಾಷ್ಟ್ರ ನಂಬರಿನ ಬೈಕೊಂದು ಬಂತು. ಇಳಿದವನ ಅಂಗಿಯ ಮೇಲೆ ಗಡಿಯ ಆಚೆಗಿನ ಪಂಪಿನ ಹೆಸರಿತ್ತು.

"ಅಲ್ಲಿ ಕೆಲಸ ಮಾಡ್ತೀರೇನ್ರಿ?"

"ನಮ್ಮಪ್ಪಂದೇ ಪಂಪ್ ಅದು."

"ಮತ್ತ ಇಲ್ಲಿಗ್ಯಾಕ ಬಂದ್ರಿ?"

ಅವನು ಮೀಟರನ್ನೇ ನೋಡುತ್ತ, "ಇಲ್ಲಿ ಸಸ್ತಾ ಅದರಿ," ಅಂದ.

ಪೂನಂಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ನಗುವಾಗ ಅವನ ಕಣ್ಣು ಪೂರ್ತಿ ಮುಚ್ಚಿಹೋಗುವುದನ್ನು ಅವಳು ನೋಡಿದಳು. ನೋಡಿದ್ದು ಅವನಿಗೂ ಗೊತ್ತಾಯಿತು.

ಅವನು ಗೋವರ್ಧನ. ತಾಯಿಯ ತವರು ಗಡಿಯ ಈಚೆಗಿನ ಕೊಹಿನೂರ ಊರಾದ್ದರಿಂದ ಕನ್ನಡ ಚೆನ್ನಾಗಿತ್ತು. ಅಪ್ಪ ತನ್ನನ್ನು ಕಳಿಸಿದ್ದೇ ಇಲ್ಲಿ ಎಷ್ಟು ಲಾರಿ ನಿಲ್ಲುತ್ತವೆಂದು ನೋಡಿ ಬರಲು ಎಂಬುದನ್ನು ಆಮೇಲೆ ಒಪ್ಪಿಕೊಂಡ. ಆಚೆ ರಾಜ್ಯದ ತೆರಿಗೆ ಹೆಚ್ಚು, ಈಚೆ ಕಡಿಮೆ. ಹತ್ತು ನಿಮಿಷದ ದಾರಿ ಅಷ್ಟೇ. ಆಚೆಯ ಲಾರಿಗಳೆಲ್ಲ ಗಡಿ ದಾಟಿ ಬಂದು ಟ್ಯಾಂಕು ತುಂಬಿಸಿಕೊಳ್ಳುತ್ತಿದ್ದವು.

ಅವನೂ ಬರತೊಡಗಿದ. ಪ್ರತಿ ಸಲವೂ ಒಂದೇ ಲೀಟರ್ ಹಾಕಿಸಿಕೊಳ್ಳುತ್ತಿದ್ದ. ಟ್ಯಾಂಕು ತುಂಬಿಸಬಾರದೇ ಎಂದು ಕೇಳಿದರೆ, "ತುಂಬಿಸಿದ್ರ ಮತ್ತ ಯಾವಾಗ ಬರ್ಲಿ?" ಅನ್ನುತ್ತಿದ್ದ. ಪೂನಂ ಹುಮನಾಬಾದಿನ ಬ್ಯಾಂಕಿಗೆ ಹೋದ ದಿನ ಅಲ್ಲಿನ ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಇಬ್ಬರೂ ಚಹಾ ಕುಡಿಯುತ್ತಿದ್ದರು. ಅಲ್ಲೇ ಅವನು, ತಲೆ ತಗ್ಗಿಸಿ, ನಿನ್ನ ಬಿಟ್ಟು ಯಾರೂ ಬೇಡ ಎಂದಿದ್ದು.

ಕರ್ನಾಟಕದಲ್ಲಿ ಡೀಸೆಲ್ ತೆರಿಗೆ ಏರಿದ ದಿನ ಗೋವರ್ಧನನ ಅಪ್ಪ ಕೆಲಸದವರಿಗೆಲ್ಲ ಪೇಡೆ ಹಂಚಿದನಂತೆ. ಆದರೆ ಆಮೇಲೂ ಬೆಲೆಯಲ್ಲಿ ಅಂತರ ಉಳಿಯಿತು, ಲಾರಿಗಳು ಈ ಕಡೆಗೇ ಬಂದವು. ಅವರ ಪಂಪಿನಲ್ಲಿ ಒಬ್ಬೊಬ್ಬರೇ ಕೆಲಸ ಬಿಟ್ಟರು. ಇವರ ಪಂಪಿಗೆ ಹೊಸ ಮಶೀನು ಬಂತು.

ಮಗಳ ಮನಸ್ಸು ತಿಳಿದ ಅಮೋಘಸಿದ್ದಪ್ಪ ತಕರಾರು ಮಾಡಲಿಲ್ಲ. ಗೋವರ್ಧನನ ಅಪ್ಪನನ್ನು ಮಾತಿಗೆ ಕರೆಸಿದ. ಮುದುಕ ಬಂದು ಕುರ್ಚಿಯಲ್ಲಿ ಕೂತ. ಹೊರಗೆ ಸಾಲಿನಲ್ಲಿ ಅವನ ಹಳೆಯ ಗಿರಾಕಿಗಳೇ ಇದ್ದರು. ಅವನನ್ನು ಕಂಡ ಡ್ರೈವರುಗಳು ಮುಖ ಆಚೆ ತಿರುಗಿಸಿದರು. ಅಮೋಘಸಿದ್ದಪ್ಪ ಒಳ್ಳೆಯ ಮನಸ್ಸಿನಿಂದಲೇ, ನಿಮ್ಮ ಪಂಪು ನಡೆಯದಿದ್ದರೆ ಬಿಡಿ, ಅಳಿಯ ಇಲ್ಲೇ ಮ್ಯಾನೇಜರ್ ಆಗಿರಲಿ ಎಂದ. ಮುದುಕ ಚಹಾದ ಕಪ್ಪನ್ನು ಮುಟ್ಟದೆ ಎದ್ದು, ಕೈ ಮುಗಿದು ಹೋದ.

ಆಚೆಗಿನ ಪಂಪಿಗೆ ಬೀಗ ಬಿತ್ತು. ಗೋವರ್ಧನ ಹೈದರಾಬಾದಿನ ಗೋದಾಮೊಂದರಲ್ಲಿ ಕೆಲಸ ಹಿಡಿದ. ಹೊರಟ ದಿನ ಹುಮನಾಬಾದಿನಲ್ಲಿ ಬಸ್ ಬದಲಿಸಬೇಕಿತ್ತು. ಪೂನಂ ಅಲ್ಲಿಗೆ ಹೋದಳು.

"ನಾನೇ ನಿಮ್ಮನಿಗಿ ಬರ್ತೀನಿ. ಈ ಪಂಪಿನ ಹೆಸರೂ ಎತ್ತಂಗಿಲ್ಲ."

"ನೀ ಎತ್ತಂಗಿಲ್ಲ ಪೂನಂ. ಖರೆ, ನೀ ರೊಟ್ಟಿ ನೀಡಿದಾಗೆಲ್ಲ ನಮ್ಮಪ್ಪಗ ಆ ಲಾರಿ ಲೈನ್ ಕಾಣ್ತದ. ಅಂವ ಇರೋತನಕ ನನ್ನ ಕೈಲಿ ಆಗಂಗಿಲ್ಲ."

"ನಾ ಕಾಯ್ಲ್ಯಾ?"

"ಕಾಯಬ್ಯಾಡ."

ಅವಳ ದುಪಟ್ಟಾದ ಅಂಚನ್ನು ಅವನು ಬೆರಳಿನಲ್ಲಿ ಒಂದು ಸುತ್ತು ಸುತ್ತಿ, ಮೆಲ್ಲಗೆ ಬಿಚ್ಚಿ ಬಿಟ್ಟ. ಬಸ್ ಹೋಯಿತು.

ಅವಳು ಮರಳಿದಾಗ ಸಂಜೆಯ ಸಾಲು ಹೆದ್ದಾರಿಯವರೆಗೂ ಬೆಳೆದಿತ್ತು. ಅಪ್ಪ ಒಬ್ಬನೇ ಒದ್ದಾಡುತ್ತಿದ್ದ. ಪೂನಂ ಚೀಲವನ್ನು ಒಳಗಿಟ್ಟು ಬಂದು ಪೈಪು ಹಿಡಿದಳು. ಮೊದಲ ಲಾರಿಯ ಡ್ರೈವರ್ ಕಿಟಕಿಯಿಂದ ಬಗ್ಗಿ, ಆಚೆಗಿನ ಪಂಪು ಬಂದ್ ಆಯಿತು, ಇನ್ನು ಮೇಲೆ ತಮ್ಮ ಸೇಠನ ಎಲ್ಲ ಗಾಡಿಗಳೂ ಇಲ್ಲಿಗೇ ಬರುತ್ತವೆ ಎಂದು ಖುಷಿಯಿಂದ ಹೇಳಿದ.

"ಬರ್ರಿ," ಎಂದಳು ಪೂನಂ, ಮೀಟರಿನಿಂದ ಕಣ್ಣು ಎತ್ತದೆ.