ಎರಡನೇ ಭಾಗ ಓದಿದೆಯಾ?

"ಆ ರಾಜಕುಮಾರ ಕೊನೆಗೆ ಸಾಯ್ತಾನೆ!"

ಅಂಕೋಲೆ ಬಸ್ಸಿನಲ್ಲಿ ಪಕ್ಕದ ಸೀಟಿನ ಅಪರಿಚಿತ ಹೀಗೆಂದಾಗ ದೀಪಾಲಿಗೆ ಮೈಯೆಲ್ಲ ಉರಿಯಿತು. ಅವಳ ಕೈಯಲ್ಲಿದ್ದದ್ದು ಮೂರು ಭಾಗದ ಮಾಯಾಲೋಕದ ಕಾದಂಬರಿಯ ಮೊದಲ ಭಾಗ.

"ನಿಮ್ಮನ್ನ ಯಾರು ಕೇಳಿದ್ರು?"

"ಸುಳ್ಳು ಹೇಳ್ದೆ. ನಿಮ್ಮನ್ನ ಮಾತಾಡಿಸ್ಬೇಕಿತ್ತು..."

ಅವನು ರೂಪೇಶ, ಮಾಜಾಳಿಯ ಮೀನುಗಾರರ ಮನೆಯವನು. ಮಳೆಗಾಲದ ಎರಡು ತಿಂಗಳು ಬೋಟು ಕಡಲಿಗೆ ಇಳಿಯುವಂತಿಲ್ಲವಲ್ಲ, ಆಗ ಅಂಕೋಲೆಗೆ ಎಂಜಿನ್ ರಿಪೇರಿ ಕೆಲಸಕ್ಕೆ ಹೋಗುತ್ತಿದ್ದ. ಬಿಣಗಾದ ದೀಪಾಲಿ ಅಂಕೋಲೆಯಲ್ಲಿ ಟೀಚರ್. ದಿನಾ ಒಂದೇ ಬಸ್ಸು. ಪ್ರೀತಿ ಯಾವ ಸ್ಟಾಪಿನಲ್ಲಿ ಹತ್ತಿತೋ, ಕಂಡಕ್ಟರಿಗೂ ಗೊತ್ತಾಗಲಿಲ್ಲ!

ಜುಲೈ ನಡುವೆ ಅವನು ಎರಡನೇ ಭಾಗ ಕೊಟ್ಟ.

"ಪೂರ್ತಿ ಓದ್ಬೇಕು, ಹಾಂ?"

ಅಬ್ಬಾ, ಎಂಥ ನೀರಸ ಪುಸ್ತಕ! ನಾಯಕಿ ಮಂಜಿನಲ್ಲಿ ನಡೆಯುತ್ತಾಳೆ, ನಡೆಯುತ್ತಲೇ ಇರುತ್ತಾಳೆ. ಹಿಂದೆ ಯಾರದೋ ಹೆಜ್ಜೆ ಸದ್ದು. ತಿರುಗಿದರೆ ಯಾರೂ ಇಲ್ಲ. ನೂರಾ ಹದಿಮೂರನೇ ಪುಟಕ್ಕೆ ದೀಪಾಲಿ ಕೈಮುಗಿದುಬಿಟ್ಟಳು.

ತಿಂಗಳ ಕೊನೆಯ ದಿನ ಅವನು ಕೇಳಿದ. "ಓದ್ದೆಯಾ?"

ಅವನ ಮುಖದಲ್ಲಿದ್ದ ಆಸೆ ನೋಡಿ 'ಇಲ್ಲ' ಎನ್ನಲು ಬಾಯಿ ಬರಲಿಲ್ಲ.

"ಕೊನೆ ತನಕ ಓದ್ದೆ ಮಾರಾಯ. ನಂಗೆ ಬ್ಯಾಡಪ್ಪ ಇಂಥದ್ದು!"

ರೂಪೇಶನ ಮುಖ ಬಿಳಿಚಿಕೊಂಡಿತು. "ಆಯ್ತು... ಇನ್ನು ಕೇಳೂದಿಲ್ಲ."

ಮರುದಿನ ಅವನು ಕಡಲಿಗೆ ಹೋದ. ಮತ್ತೆ ಆ ಬಸ್ಸು ಹತ್ತಲಿಲ್ಲ, ಫೋನ್ ಎತ್ತಲಿಲ್ಲ.

ಎರಡು ವರ್ಷ! ಪಕ್ಕದಲ್ಲಿ ಯಾರೇ ಕೂತರೂ ಅವಳಿಗೆ ಕೇಳುತ್ತಿದ್ದುದು ಅದೇ ಮಾತು. "ಆಯ್ತು... ಇನ್ನು ಕೇಳೂದಿಲ್ಲ." ತಿರುಗಿದರೆ ಅವನಿಲ್ಲ.

'ಒಂದು ಪುಸ್ತಕಕ್ಕೆ ಯಾರಾದ್ರೂ ಇಷ್ಟು ಮುನಿಸ್ಕೊಳ್ತಾರಾ?'

ಈ ಜುಲೈಯ ಒಂದು ಭಾನುವಾರ, ತಡೆಯಲಾರದೆ ಮೊದಲ ಪುಟದಿಂದ ಮತ್ತೆ ಓದಲು ಕೂತಳು. ಅದೇ ಮಂಜು, ಅದೇ ಹೆಜ್ಜೆ ಸದ್ದು. ಈ ಸಲ ನಾಯಕಿಯ ಭಯ ಅವಳದ್ದೇ ಆಗಿತ್ತು. ನೂರಾ ಹದಿಮೂರು ದಾಟಿ ಹಾಳೆ ತಿರುಗಿಸಿದಳು...

ಅಂಚಿನಲ್ಲಿ ಪೆನ್ಸಿಲ್ ಅಕ್ಷರ!

"ದೀಪಾಲಿ, ಇಷ್ಟು ಬೋರು ತಡ್ಕೊಂಡವಳು ನನ್ನನ್ನೂ ತಡ್ಕೊಳ್ತೀಯ. ಮದುವೆ ಆಗ್ತೀಯಾ? ಬಾಯಲ್ಲಿ ಕೇಳೋ ಧೈರ್ಯ ಇಲ್ಲ. ಓದಿ ಮುಗಿಸಿ ಹೇಳು."

ದೇವರೇ... ನಾನು ಹೇಳಿದ್ದೇನು!

ಮಾಜಾಳಿ ಬಸ್ಸಿನಲ್ಲಿ ಅವಳಿಗೆ ಒಂದೇ ಯೋಚನೆ. ಅವನಿಗೆ ಮದುವೆ ಆಗಿದ್ದರೆ?

ರೂಪೇಶ ಜಗುಲಿಯಲ್ಲಿ ಬಲೆ ನೇಯುತ್ತಿದ್ದ. ಅವಳನ್ನು ಕಂಡು ಅವನ ಕೈ ನಿಂತಿತು.

"ನಾನು ಓದಿರ್ಲಿಲ್ಲ ರೂಪೇಶ. ಸುಳ್ಳು ಹೇಳಿದ್ದೆ! ನೂರಾ ಹದಿಮೂರಕ್ಕೇ ಬಿಟ್ಟಿದ್ದೆ..."

ಅವನು ಬಲೆ ಕೆಳಗಿಟ್ಟ. "ಒಂದು ಹಾಳೆ... ಒಂದೇ ಒಂದು ಹಾಳೆ ಮಾರಾಯ್ತಿ!"

ಇಬ್ಬರ ಕಣ್ಣೂ ತುಂಬಿದವು.

"ನಿಂಗೆ... ಮದ್ವೆ ಆಯ್ತಾ?"

"ಯಾರ ಜೊತೆ?"

ಅವಳು ಅಳುತ್ತಲೇ ನಕ್ಕಳು. "ಹಾಗಾದ್ರೆ ಕೇಳು. ಈ ಸಲ ಬಾಯಲ್ಲೇ ಕೇಳ್ಬೇಕು."

"ನನ್ನ... ಮದ್ವೆ ಆಗ್ತೆಯಾ?"

"ಹೂಂ."

ಅವನು ಒಳಗೆ ಹೋಗಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಮೂರನೇ ಭಾಗ ತಂದ. ಸುತ್ತಿದ್ದನ್ನು ಬಿಚ್ಚಿಯೇ ಇರಲಿಲ್ಲ.

"ಹೌದೂ, ಆ ರಾಜಕುಮಾರ ಸಾಯ್ತಾನಾ?"

"ನಂಗೂ ಗೊತ್ತಿಲ್ಲ. ಒಬ್ನೇ ಓದೂಕೆ ಮನ್ಸಾಗ್ಲಿಲ್ಲ... ಕೂತ್ಕೊ, ಓದು."